ಅಂಗಾಲಿಗೆ ಗೊತ್ತಿದ್ದ ಜಾಗ

ಪುನರ್ವಸು ಮಳೆ ಹಿಡಿದಿದ್ದ ವಾರ ನಮ್ಮ ಮನೆಗೆ ಏಳು ವಾರದ ಕುನ್ನಿಮರಿಯೊಂದು ಬಂತು. ಹೊಸನಗರದಿಂದ ನಗರಕ್ಕೆ ಹೋಗುವ ದಾರಿಯಲ್ಲಿ ಮಳೆಗಾಲಕ್ಕೆ ಬೇರೆ ಸುದ್ದಿ ಇರುವುದಿಲ್ಲವಾದ್ದರಿಂದ ಅದೇ ದೊಡ್ಡ ಸುದ್ದಿಯಾಯಿತು. ಒಣಗಿದ ಅಡಿಕೆ ಹಾಳೆಯ ಬಣ್ಣ. ಕೆಂಚ ಎಂದು ಹೆಸರಿಟ್ಟೆವು. ಮೊದಲ ಸಂಜೆಯೇ ಅವನು ಮೂರು ಸಲ ಉಚ್ಚೆ ಹೊಯ್ದ, ಮೂರೂ ಸಲ ಒಂದೇ ಕಡೆ: ಜಗಲಿಯಿಂದ ನಡುಮನೆಗೆ ಕಾಲಿಡುವಲ್ಲಿ, ಕಾಲೊರಸಿಗೆಂದು ಹಾಸಿದ್ದ ಗೋಣಿತಾಟಿನ ಮೇಲೆ. ಆಚೀಚೆ ಮಾರುಗಟ್ಟಲೆ ಕೆಂಪು ಗಾರೆ ನೆಲ ಖಾಲಿ ಬಿದ್ದಿತ್ತು. ಅಲ್ಲಿ ಒಂದು ಹನಿಯೂ ಇಲ್ಲ.

ಗೋಣಿಯನ್ನು ತೊಳೆದೆವು. ಆ ಮಳೆಯಲ್ಲಿ ಅದು ಒಣಗುವುದೆಲ್ಲಿ? ಬಚ್ಚಲೊಲೆಯ ಮೇಲೆ ಹರವಿದ್ದಾಯಿತು. ಹಂಡೆ ಕಾದಂತೆಲ್ಲ ವಾಸನೆ ಮನೆಯಿಡೀ ಹಬ್ಬಿತು. ಬೇರೊಂದು ಗೋಣಿ ಹಾಸಿದರೆ ಅದನ್ನೂ ಹುಡುಕಿಕೊಂಡು ಬಂದ. ಮನೆಗೆ ಬಂದಿದ್ದ ನೆಂಟರೊಬ್ಬರು ಹಳೆಯ ಮದ್ದನ್ನೇ ಹೇಳಿದರು: ‘ಮೂಗು ಹಿಡಿದು ಅದರಲ್ಲೇ ತಿಕ್ಕಿ, ಎರಡು ಬಾರಿಸಿ, ಜನ್ಮದಲ್ಲಿ ಮಾಡುವುದಿಲ್ಲ.’ ನಾನು ಬಾರಿಸಲಿಲ್ಲ. ದಯೆ ಉಕ್ಕಿ ಬಂದು ಅಲ್ಲ. ಅವನಿಗೆ ಗೋಣಿಯೇ ಯಾಕೆ ಬೇಕು ಎಂಬ ಪ್ರಶ್ನೆ ತಲೆ ಕೊರೆಯುತ್ತಿತ್ತು.

ಉತ್ತರ ಸಿಕ್ಕಿದ್ದು ಅವನು ಹುಟ್ಟಿದ ಮನೆಗೆ ಹೋದಾಗ. ತಾಯಿ ನಾಯಿ ಕೊಟ್ಟಿಗೆಯ ಮೂಲೆಯಲ್ಲಿ, ಹರಿದ ಕಂಬಳಿಯ ಚೂರಿನ ಮೇಲೆ ಮರಿ ಹಾಕಿತ್ತು. ಕಂಬಳಿಯಿಂದ ಎರಡು ಮಾರು ಆಚೆ ದನ ಕಟ್ಟುವ ಜಾಗ. ಅಲ್ಲಿ ದಪ್ಪಕ್ಕೆ ಹಾಸಿದ ದರಕು. ಬಯಲುಸೀಮೆಯವರಿಗಾಗಿ ಹೇಳುವುದಾದರೆ, ಬೇಸಿಗೆಯಲ್ಲಿ ಕಾಡಿನಿಂದ ಗುಡಿಸಿ ತಂದು ರಾಶಿ ಹಾಕಿಕೊಂಡ ಒಣ ಎಲೆಯೇ ದರಕು. ದರಗು, ತರಗು ಎಂದೂ ಅನ್ನುತ್ತಾರೆ. ದನದ ಕಾಲಡಿ ಹಾಸಿ, ಸಗಣಿ ಗಂಜಲ ಕುಡಿದ ಮೇಲೆ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಆ ವರ್ಷ ಅವರ ಮನೆಯಲ್ಲಿ ಬೇಸಿಗೆಯ ದರಕು ಇನ್ನೂ ಮುಗಿದಿರಲಿಲ್ಲ. ನಾನು ನೋಡುತ್ತಿದ್ದಂತೆಯೇ ಕೆಂಚನ ತಂಗಿಯೊಂದು ಕಂಬಳಿಯಿಂದ ಎದ್ದು, ಓಲಾಡುತ್ತಾ ದರಕಿನವರೆಗೆ ನಡೆದು, ಕೂತು, ಕೆಲಸ ಮುಗಿಸಿ ವಾಪಸು ಬಂದು ಮಲಗಿತು.

ಒರಟು, ನಾರುನಾರು, ಹೊಯ್ದದ್ದನ್ನು ಹೀರಿಕೊಳ್ಳುವ, ಅಂಗಾಲಿಗೆ ಚುರುಚುರು ಎನ್ನುವ ಜಾಗ. ನಮ್ಮ ಮನೆಯೊಳಗೆ ಅದಕ್ಕೆ ಹತ್ತಿರದ ವಸ್ತು ಒಂದೇ ಒಂದಿತ್ತು, ಅದು ಗೋಣಿತಾಟು. ಕೆಂಚ ಪರವೂರಿಗೆ ಹೋದ ಮನುಷ್ಯ ಶೌಚಾಲಯ ಹುಡುಕುವ ಹಾಗೆ ಹುಡುಕಿದ್ದ. ಸಿಕ್ಕಿದ್ದನ್ನು ಬಳಸಿದ್ದ.

ನಾಯಿಗೆ ಶುಚಿಯನ್ನು ನಾವು ಕಲಿಸುತ್ತೇವೆ ಎಂಬುದು ಮನುಷ್ಯರ ಬಡಾಯಿ. ಹುಟ್ಟಿದ ಮೊದಲ ಎರಡು ಮೂರು ವಾರ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ಕಣ್ಣು ತೆರೆಯುವುದೇ 10ರಿಂದ 14 ದಿನಕ್ಕೆ. ಕಿವಿ ಅದಕ್ಕಿಂತ ಸ್ವಲ್ಪ ತಡ. ತಾಯಿ ಮರಿಯನ್ನು ಮಗುಚಿ ಹಾಕಿ ಬಾಲದ ಬುಡ ನೆಕ್ಕಿದಾಗ ಮಾತ್ರ ಮೂತ್ರಕೋಶ ಕುಗ್ಗುತ್ತದೆ. ನಾಲಿಗೆಯ ಸ್ಪರ್ಶ ಚರ್ಮದಿಂದ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ಅಪ್ಪಣೆಯಾಗಿ ಮೂತ್ರಕೋಶಕ್ಕೆ ಇಳಿಯುತ್ತದೆ. ಹೊರಬಿದ್ದದ್ದನ್ನು ತಾಯಿಯೇ ನೆಕ್ಕಿ ನುಂಗುತ್ತದೆ. ಓದಲು ಹೇಸಿಗೆ ಅನ್ನಿಸಬಹುದು, ಆದರೆ ಗೂಡು ಒದ್ದೆಯಾದರೆ ಮೈ ಕಾವು ಕಾಯ್ದುಕೊಳ್ಳಲಾರದ ಮರಿಗಳು ಸಾಯುತ್ತವೆ. ವಾಸನೆ ಹಬ್ಬಿದರೆ ಬೇಟೆಯಾಡುವ ಪ್ರಾಣಿ ಬರುತ್ತದೆ. ತಬ್ಬಲಿ ಮರಿಗಳನ್ನು ಬಾಟಲಿ ಹಾಲಿನಲ್ಲಿ ಸಾಕುವವರು ಪ್ರತಿ ಸಲ ಹಾಲೂಡಿಸಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅಲ್ಲಿ ಒರೆಸಬೇಕಾಗುವುದು ಇದಕ್ಕೇ. ಆ ಹತ್ತಿ ತಾಯಿಯ ನಾಲಿಗೆಯ ಬದಲಿ.

ಮೂರನೆಯ ವಾರದ ಹೊತ್ತಿಗೆ ಕಾಲೂರಿ ನಿಲ್ಲಲು ಬರುತ್ತದೆ. ಆಗಿನಿಂದ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗತೊಡಗುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬಿಬ್ಬರು ಐದು ತಳಿಯ ಮರಿಗಳನ್ನು ಹತ್ತು ವರ್ಷಕ್ಕೂ ಮಿಕ್ಕಿ ಹುಟ್ಟಿನಿಂದಲೇ ಗಮನಿಸಿ, 1965ರಲ್ಲಿ ನಾಯಿಗಳ ನಡವಳಿಕೆಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಮರಿಯ ಬದುಕಿನಲ್ಲಿ ಮೂರರಿಂದ ಹನ್ನೆರಡನೆಯ ವಾರದವರೆಗಿನ ಕಾಲ ಹಸಿ ಗಾರೆಯಿದ್ದಂತೆ, ಬಿದ್ದ ಗುರುತು ಉಳಿಯುತ್ತದೆ ಎಂಬ ತಿಳಿವಳಿಕೆಯ ಬೇರು ಅಲ್ಲಿದೆ. ಶೌಚದ ಜಾಗದ ಗುರುತೂ ಈ ಅವಧಿಯಲ್ಲೇ ಬೀಳುತ್ತದೆ. ಐದು ವಾರದ ಮರಿ ಒಂದು ಮೂಲೆಯನ್ನು ಆರಿಸಿಕೊಂಡಿರುತ್ತದೆ. ಎಂಟು ಒಂಬತ್ತು ವಾರದ ಹೊತ್ತಿಗೆ ಮೂಲೆಗಿಂತ ಹೆಚ್ಚಾಗಿ ಕಾಲಡಿಯ ಸ್ಪರ್ಶ ಮನಸ್ಸಿನಲ್ಲಿ ಕೂತಿರುತ್ತದೆ. ಹುಲ್ಲಿನ ಮೇಲೆ ಬೆಳೆದದ್ದಕ್ಕೆ ಹುಲ್ಲು, ಮಣ್ಣಿನ ಮೇಲೆ ಬೆಳೆದದ್ದಕ್ಕೆ ಮಣ್ಣು, ಕೊಟ್ಟಿಗೆಯದಕ್ಕೆ ದರಕು. ದುರ್ದೈವದ ಮರಿಗಳೆಂದರೆ ಕಬ್ಬಿಣದ ಪಂಜರದಲ್ಲಿ ಹುಟ್ಟಿ ಅಂಗಡಿಯ ಪಂಜರಕ್ಕೆ ಬಂದವು. ಮಲಗಿದಲ್ಲೇ ಎಲ್ಲವನ್ನೂ ಮಾಡಬೇಕಾಗಿ ಬಂದು, ಹುಟ್ಟಿನೊಂದಿಗೆ ಬಂದ ಶುಚಿಯನ್ನೇ ಅವು ಕಳೆದುಕೊಂಡಿರುತ್ತವೆ. ಅಂಥದ್ದನ್ನು ತಿದ್ದುವುದು ನಿಜಕ್ಕೂ ಕಷ್ಟ. ಮರಿ ತರುವಾಗ ಅಪ್ಪನ ತಳಿ ಯಾವುದು ಎಂದು ವಿಚಾರಿಸುವವರು ಅದು ಯಾವುದರ ಮೇಲೆ ನಡೆದು ಬೆಳೆಯಿತು ಎಂದು ಕೇಳಿದರೆ ಹೆಚ್ಚು ಪ್ರಯೋಜನ.

ಹಾಗಾದರೆ ನಾವು ಕಲಿಸಬೇಕಾದ್ದು ಏನು? ಮನೆಯ ಅಳತೆ. ಮರಿಯ ಲೆಕ್ಕದಲ್ಲಿ ಗೂಡು ಎಂದರೆ ಒಂದು ಕಂಬಳಿಯ ಚೂರು. ಎರಡು ಮಾರು ದಾಟಿದರೆ ಅದು ಕಾಡು. ಎಂಟಂಕಣದ ಮನೆ, ಅದರ ಉಪ್ಪರಿಗೆ, ದೇವರ ಕೋಣೆ ಎಲ್ಲ ಸೇರಿ ಒಂದೇ ಗೂಡು ಎಂಬುದು ಅದಕ್ಕೆ ಹೊಳೆಯುವ ಮಾತಲ್ಲ. ನಾವು ಕೆಂಚನನ್ನು ಅಡುಗೆಮನೆಯ ಪಕ್ಕದ ಒಂದು ಅಂಕಣಕ್ಕೆ ಸೀಮಿತಗೊಳಿಸಿದೆವು. ರಾತ್ರಿಗೆ ಒಂದು ದೊಡ್ಡ ಹೆಡಿಗೆ. ಅದು ಮೊದಲು ಎಷ್ಟು ದೊಡ್ಡದಾಯಿತೆಂದರೆ, ಅವನು ಒಂದು ಬದಿಯಲ್ಲಿ ಮಲಗಿ ಇನ್ನೊಂದು ಬದಿಯನ್ನು ಬಚ್ಚಲು ಮಾಡಿಕೊಂಡ. ತಿರುಗಿ ಮಲಗುವಷ್ಟೇ ಜಾಗ ಬಿಟ್ಟು ಉಳಿದದ್ದಕ್ಕೆ ತೆಂಗಿನ ಸಿಪ್ಪೆ ತುಂಬಿದ ಮೇಲೆ ಹೆಡಿಗೆ ಗೂಡಾಯಿತು. ದಿನ ಕಳೆದಂತೆ ಒಂದೊಂದೇ ಅಂಕಣ ಅವನ ರಾಜ್ಯಕ್ಕೆ ಸೇರಿತು.

ಈ ಪಾಠದ ಅಗತ್ಯವೇ ನಮ್ಮ ಕಡೆ ಹೊಸದು. ಮಲೆನಾಡಿನ ಹಳೆಯ ಮನೆಗಳಲ್ಲಿ ನಾಯಿಯ ಗಡಿ ಜಗಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದದ್ದಾದರೂ ಅದರ ಕಾಲ ಹತ್ತೊಂಬತ್ತನೆಯ ಶತಮಾನದ ಕೊನೆ, ಜಾಗ ತೀರ್ಥಹಳ್ಳಿ ಸೀಮೆ. ಅದರಲ್ಲಿ ಗುತ್ತಿ ಎಂಬವನಿಗೆ ನಾಯಿಗುತ್ತಿ ಎಂಬ ಹೆಸರೇ ಬೀಳುವಷ್ಟು ಹುಲಿಯ ಎಂಬ ನಾಯಿ ಅವನ ಹಿಂದೆ ತಿರುಗುತ್ತದೆ. ಆ ಲೋಕದಲ್ಲಿ ನಾಯಿ ಎಲ್ಲಿ ಉಚ್ಚೆ ಹೊಯ್ಯಬೇಕೆಂದು ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಹಿತ್ತಲು, ತೋಟ, ಗುಡ್ಡ ಎಲ್ಲವೂ ಅದರದ್ದೇ. ಈಗ ಅಂಗಳಕ್ಕೆ ಕಾಂಕ್ರೀಟು ಬಂದು, ನೆಲಕ್ಕೆ ಟೈಲ್ಸ್ ಬಂದು, ಶಿವಮೊಗ್ಗದಿಂದ ಲ್ಯಾಬ್ರಡಾರೂ ಪಗ್ಗೂ ಬಸ್ಸು ಹತ್ತಿ ಬರುತ್ತಿವೆ. ನಾಯಿ ಹೊಸ್ತಿಲು ದಾಟಿದ ಮೇಲೆ ಪಾಠ ಶುರು.

ಪಾಠದ ಪುಸ್ತಕಗಳು ಮಾತ್ರ ನಮ್ಮ ಮಳೆ ಕಂಡವರು ಬರೆದದ್ದಲ್ಲ. ‘ಎರಡು ತಾಸಿಗೊಮ್ಮೆ ಮರಿಯನ್ನು ಹೊರಗೆ ಹುಲ್ಲಿನ ಮೇಲೆ ಬಿಡಿ’ ಎನ್ನುತ್ತವೆ. ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ; ನಮ್ಮ ತಾಲ್ಲೂಕಿನ ಹುಲಿಕಲ್ಲು ಅದಕ್ಕೇನೂ ಸೋಲುವುದಿಲ್ಲ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿಯುತ್ತದೆ. ಅಂಗಳದಲ್ಲಿ ಪಾಚಿ ಕಟ್ಟಿ ನಾವೇ ಅಡಿಕೆ ದಬ್ಬೆ ಹಾಸಿಕೊಂಡು, ಸೋಗೆ ಹರವಿಕೊಂಡು ಓಡಾಡುತ್ತೇವೆ. ನೆಲದಿಂದ ನಾಲ್ಕು ಬೆರಳು ಎತ್ತರದಲ್ಲಿ ಹೊಟ್ಟೆ ಇರುವ ಮರಿಯನ್ನು ಅಲ್ಲಿ ನಿಲ್ಲಿಸಿದರೆ ಅದು ನಡುಗುತ್ತದೆ, ಬಾಲ ಮಡಿಸುತ್ತದೆ, ಸ್ನಾಯು ಬಿಗಿಯುತ್ತದೆ, ಒಳಗೆ ಬಂದು ಮೈ ಬೆಚ್ಚಗಾದ ಕೂಡಲೇ ಬಿಡುತ್ತದೆ. ಅದರಲ್ಲಿ ಹಠವೇನೂ ಇಲ್ಲ. ಮೂತ್ರ ಹಿಡಿದಿಡುವುದು ಮತ್ತು ಬಿಡುವುದು ಎರಡು ಬೇರೆ ನರಜಾಲಗಳ ಕೆಲಸ. ಹೆದರಿಕೆ, ಚಳಿ, ಓಟಕ್ಕೆ ಮೈಯನ್ನು ಸಜ್ಜುಗೊಳಿಸುವ ಜಾಲವೇ ಮೂತ್ರಕೋಶದ ಬಾಯನ್ನು ಬಿಗಿ ಹಿಡಿಯುತ್ತದೆ. ಉಂಡು ಮಲಗುವ ನೆಮ್ಮದಿಯ ಜಾಲ ಮೂತ್ರಕೋಶವನ್ನು ಕುಗ್ಗಿಸುತ್ತದೆ. ಇವೆರಡರ ನಡುವೆ ಸಮಯ ನೋಡಿ ಒಪ್ಪಿಗೆ ಕೊಡುವ ಕೇಂದ್ರ ಮಿದುಳಿನ ಕಾಂಡದಲ್ಲಿದೆ. ಬ್ರಿಟನ್ನಿನ ಶಸ್ತ್ರವೈದ್ಯ ಬ್ಯಾರಿಂಗ್ಟನ್ 1925ರಲ್ಲಿ ಬೆಕ್ಕುಗಳಲ್ಲಿ ಅದರ ಜಾಗ ಗುರುತಿಸಿದ. ಇವತ್ತಿಗೂ ಅದಕ್ಕೆ ಅವನದೇ ಹೆಸರು. ಮರಿಯಲ್ಲಿ ಬೆನ್ನುಹುರಿಯ ಮೇಲೆ ಮಿದುಳಿನ ಯಜಮಾನಿಕೆ ಇನ್ನೂ ಪೂರ್ತಿ ಸ್ಥಾಪನೆಯಾಗಿರುವುದಿಲ್ಲ. ಹಾಗಾಗಿ ಎರಡು ತಿಂಗಳ ಮರಿ ಆಟದ ಭರದಲ್ಲಿ ಅರ್ಧ ಗಂಟೆ ತಡೆಯಲಾರದು, ಆದರೆ ರಾತ್ರಿ ನಿದ್ದೆಯಲ್ಲಿ ಮೂರು ನಾಲ್ಕು ತಾಸು ತಳ್ಳುತ್ತದೆ. ನಿದ್ದೆಯಲ್ಲಿ ಮೂತ್ರ ತಯಾರಾಗುವುದೂ ಕಡಿಮೆ.

ಪುಸ್ತಕದ ಹುಲ್ಲನ್ನು ಬಿಟ್ಟು ನಾವು ಕೆಂಚನ ಅಂಗಾಲನ್ನೇ ನಂಬಿದೆವು. ಸೌದೆ ಕೊಟ್ಟಿಗೆಯ ಕಡಿಮಾಡಿನ ಕೆಳಗೆ, ಇರಚಲು ಬಡಿಯದ ಕಡೆ, ನಾಲ್ಕಡಿ ಅಗಲಕ್ಕೆ ದರಕು ಹಾಸಿ, ಅದರ ಮೇಲೆ ಅವನು ಹುಟ್ಟಿದ ಕೊಟ್ಟಿಗೆಯಿಂದ ತಂದ ಒಂದು ಹಿಡಿ ಹಸಿ ದರಕನ್ನು ಉದುರಿಸಿದೆವು. ಮನೆಯ ಗೋಣಿಗಳೆಲ್ಲ ಅಟ್ಟ ಸೇರಿದವು. ನಿದ್ದೆಯಿಂದ ಎದ್ದ ಕೂಡಲೇ, ಆಟ ನಿಂತ ಕೂಡಲೇ, ಉಂಡ ಐದು ನಿಮಿಷದಿಂದ ಅರ್ಧ ಗಂಟೆಯೊಳಗೆ ಅವನನ್ನು ಎತ್ತಿಕೊಂಡು ಅಲ್ಲಿ ಬಿಟ್ಟು ಸುಮ್ಮನೆ ನಿಲ್ಲುವುದು. ಉಂಡ ಮೇಲಿನ ಸಮಯ ಪಂಚಾಂಗದಷ್ಟು ನಿಖರ: ಅನ್ನ ಬಿದ್ದು ಹೊಟ್ಟೆ ಹಿಗ್ಗಿದ ಸುದ್ದಿ ದೊಡ್ಡ ಕರುಳಿಗೆ ಮುಟ್ಟಿ, ಅದು ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಊಟದ ಹೊತ್ತು ನಿಗದಿಯಾದರೆ ಉಳಿದದ್ದೂ ನಿಗದಿಯಾದಂತೆ. ಮಕ್ಕಳು ಕಂಡಾಗಲೆಲ್ಲ ರೊಟ್ಟಿ ಚೂರು ಎಸೆಯುವ ಮನೆಯಲ್ಲಿ ಈ ಲೆಕ್ಕ ಹಾಳು.

ಅವನು ಕೂತಾಗ ಅಮ್ಮ ‘ಸ್ಸ್‌ಸ್‌ಸ್’ ಎನ್ನುತ್ತಿದ್ದಳು, ನನಗೆ ನಗು. ಆಮೇಲೆ ಹೊಳೆಯಿತು, ಪಾವ್ಲೋವ್ ಅವರ ಗಂಟೆಗಿಂತ ಹಳೆಯ ಪ್ರಯೋಗ ಇದು. ನಮ್ಮ ಬಚ್ಚಲುಗಳಲ್ಲಿ ಅಜ್ಜಿಯರು ಕೂಸನ್ನು ಕಾಲ ಮೇಲೆ ಕೂರಿಸಿಕೊಂಡು, ಅದು ಉಚ್ಚೆ ಹೊಯ್ಯುವಾಗಲೆಲ್ಲ ಆ ಸದ್ದು ಮಾಡಿ, ಕೊನೆಗೆ ಸದ್ದು ಮಾಡಿದರೇ ಹೊಯ್ಯುವ ಹಾಗೆ ಮಾಡುತ್ತಾರೆ. ಸದ್ದು ಮತ್ತು ಕ್ರಿಯೆ ಜೊತೆಜೊತೆಗೆ ನೂರು ಸಲ ನಡೆದರೆ ಸದ್ದೇ ಕ್ರಿಯೆಯನ್ನು ಕರೆತರುತ್ತದೆ. ರಷ್ಯಾದ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ; ನಾಯಿ, ಜೊಲ್ಲು, ಗಂಟೆಗಳಿಂದ ಹೆಸರಾದದ್ದು ಆಮೇಲೆ. ಎರಡು ವಾರದಲ್ಲಿ ಕೆಂಚ ಅಮ್ಮನ ಸದ್ದಿಗೆ ಕೂರತೊಡಗಿದ.

ನನ್ನ ಪಾಲಿನ ಪಾಠವನ್ನು ನಾನೇ ಕೆಡಿಸಿದ್ದೆ. ಅವನು ದರಕಿನ ಮೇಲೆ ಹೊಯ್ದು, ನಾವಿಬ್ಬರೂ ಓಡಿ ಬಂದು ಜಗಲಿ ಹತ್ತಿದ ಮೇಲೆ ಅಕ್ಕಿರೊಟ್ಟಿಯ ಚೂರು ಕೊಡುತ್ತಿದ್ದೆ. ನಾಲ್ಕನೆಯ ದಿನಕ್ಕೆ ಕೆಂಚ ಸೌದೆ ಕೊಟ್ಟಿಗೆಗೆ ಹೋಗಿ, ದರಕಿಗೆ ಒಂದು ಕಾಲು ತಾಗಿಸಿ, ತಿರುಗಿ ಓಡಿ ಬಂದು ಜಗಲಿಯ ಮೇಲೆ ಕೂತು ನನ್ನ ಕೈ ನೋಡತೊಡಗಿದ. ಅವನು ಕಲಿತದ್ದು ಸರಿಯಾಗಿಯೇ ಇತ್ತು. ಬಹುಮಾನ ಬಂದದ್ದು ಜಗಲಿ ಹತ್ತಿದ್ದಕ್ಕೆ. ನಾಯಿಯ ಮಟ್ಟಿಗೆ ಕಾರಣಕ್ಕೂ ಫಲಕ್ಕೂ ನಡುವೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಅಂತರ ಬಿದ್ದರೆ ಗಂಟು ಬಿಚ್ಚಿಹೋಗುತ್ತದೆ. ಕೊಡೆ ಹಿಡಿದು, ಜೇಬಿನಲ್ಲಿ ರೊಟ್ಟಿಯಿಟ್ಟುಕೊಂಡು, ಅವನು ಎದ್ದು ನಿಂತ ಕ್ಷಣವೇ ಅಲ್ಲಿಯೇ ಕೊಡತೊಡಗಿದ ಮೇಲೆ ಸರಿಹೋಯಿತು. ಇನ್ನೊಂದು ಬಲೆಯೂ ಇದೆ: ಕೆಲಸ ಮುಗಿದೊಡನೆ ಒಳಗೆ ಎಳೆತಂದರೆ, ಹೊಯ್ದರೆ ಹೊರಗಿನ ಸುಖ ಮುಗಿಯಿತು ಎಂದು ತಿಳಿದು ಮರಿ ತಡ ಮಾಡುವುದನ್ನು ಕಲಿಯುತ್ತದೆ. ಒಂದೆರಡು ನಿಮಿಷ ಸೌದೆ ಮೂಸಲು ಬಿಡಬೇಕು.

ನೆಂಟರ ಮದ್ದಿಗೂ ಉತ್ತರ ಇಲ್ಲೇ ಇದೆ. ಅರ್ಧ ತಾಸಿನ ಹಿಂದೆ ಹೊಯ್ದದ್ದಕ್ಕೆ ಈಗ ಬಾರಿಸಿದರೆ ಮರಿಗೆ ತಿಳಿಯುವುದು ಎರಡೇ ಸಂಗತಿ: ಈ ಮನುಷ್ಯ ಹೊತ್ತುಗೊತ್ತಿಲ್ಲದೆ ಕೆರಳುತ್ತಾನೆ, ಅವನೆದುರು ಉಚ್ಚೆ ಹೊಯ್ಯುವುದು ಅಪಾಯ. ಆಮೇಲೆ ಅದು ಮಂಚದ ಹಿಂದೆ, ಅಕ್ಕಿ ಮೂಟೆಯ ಸಂದಿಯಲ್ಲಿ ಹೊಯ್ಯುತ್ತದೆ. ಹೊರಗೆ ನೀವು ಪಕ್ಕದಲ್ಲಿ ನಿಂತರೂ ಹೊಯ್ಯುವುದಿಲ್ಲ. ‘ಅದಕ್ಕೆ ತಪ್ಪು ಗೊತ್ತು ಸ್ವಾಮಿ, ಮುಖ ನೋಡಿ’ ಎನ್ನುವವರಿಗೆ ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಬೇಕು. 14 ನಾಯಿಗಳ ಮುಂದೆ ತಿಂಡಿಯಿಟ್ಟು, ಮುಟ್ಟಬೇಡ ಎಂದು ಯಜಮಾನರು ಹೊರಗೆ ಹೋದರು. ಕೆಲವು ತಿಂದವು, ಕೆಲವು ತಿನ್ನಲಿಲ್ಲ. ವಾಪಸು ಬಂದ ಯಜಮಾನರಿಗೆ ಕೆಲವು ಸಲ ನಿಜ, ಕೆಲವು ಸಲ ಸುಳ್ಳು ಹೇಳಲಾಯಿತು. ಕಿವಿ ಇಳಿಸಿ, ಕಣ್ಣು ತಪ್ಪಿಸಿ, ಬಾಲ ಮಡಿಸುವ ಆ ‘ತಪ್ಪಿತಸ್ಥ ಮುಖ’ಕ್ಕೂ ತಿಂದದ್ದಕ್ಕೂ ಸಂಬಂಧವೇ ಇರಲಿಲ್ಲ, ಸಂಬಂಧ ಇದ್ದದ್ದು ಬೈಗುಳಕ್ಕೆ. ತಿನ್ನದೇ ಬೈಸಿಕೊಂಡ ನಾಯಿಗಳೇ ಎಲ್ಲಕ್ಕಿಂತ ಹೆಚ್ಚು ತಪ್ಪಿತಸ್ಥರಂತೆ ಕಂಡವು. ನಮ್ಮನ್ನು ಕಂಡು ಸಂಭ್ರಮಕ್ಕೋ ಹೆದರಿಕೆಗೋ ನಾಲ್ಕು ಹನಿ ಬಿಡುವ ಮರಿಗಳ ಕತೆ ಇನ್ನೂ ಬೇರೆ. ಅದು ಶರಣಾಗತಿಯ ಭಾಷೆ. ಬೈದಷ್ಟೂ ಹೆಚ್ಚಾಗುತ್ತದೆ.

ಇನ್ನು ವಾಸನೆ. ನಮ್ಮ ಮೂಗಿನಲ್ಲಿ ಗಂಧ ಹಿಡಿಯುವ ಜೀವಕೋಶಗಳು 50–60 ಲಕ್ಷವಾದರೆ ನಾಯಿಯಲ್ಲಿ 20 ಕೋಟಿಗೂ ಮಿಕ್ಕಿ. ನಾವು ಒರೆಸಿ ಸ್ವಚ್ಛವಾಯಿತು ಅಂದುಕೊಂಡ ಜಾಗ ಅದಕ್ಕೆ ಇನ್ನೂ ಬೋರ್ಡು ಬರೆದಿಟ್ಟಂತೆ. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದು ಅಮೋನಿಯಾ ಮಾಡುತ್ತವೆ. ಸಗಣಿಯಲ್ಲಿ ಈ ಕಿಣ್ವ ಧಾರಾಳ. ಕೊಟ್ಟಿಗೆಯ ಘಾಟಿಗೆ ಗಂಜಲ, ಸಗಣಿ ಎರಡೂ ಬೆರೆತದ್ದೇ ಕಾರಣ; ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಮರಿ ಹೊಯ್ದರೆ ಟೈಲ್ಸಿಗಿಂತ ಬೇಗ ವಾಸನೆ ಏಳುವುದೂ ಸಹಜ. ಅಮೋನಿಯಾ ಇರುವ ಕ್ಲೀನರಿನಿಂದ ಒರೆಸಿದರೆ ಬೋರ್ಡಿಗೆ ಹೊಸ ಬಣ್ಣ ಬಳಿದ ಹಾಗಾಗುತ್ತದೆ. ಕಪ್ಪು ಫಿನಾಯಿಲಿನ ಫಿನಾಲುಗಳು ಅಂಗಾಲು ನೆಕ್ಕುವ ಮರಿಗೆ ವಿಷ, ಬೆಕ್ಕಿಗೆ ಇನ್ನೂ ಹೆಚ್ಚು. ಒಣ ಬಟ್ಟೆಯಲ್ಲಿ ಒತ್ತಿ ಹೀರಿ, ಸೋಪುನೀರಿನಲ್ಲಿ ತೊಳೆದು, ನೀರು ಬೆರೆಸಿದ ವಿನೆಗರ್ ಹಾಕಿ ಒರೆಸಿದರೆ ಸಾಕು. ಅಮೋನಿಯಾ ಕ್ಷಾರ, ಹುಳಿ ಅದನ್ನು ಹಾರಿಹೋಗದ ಲವಣವಾಗಿ ಕಟ್ಟುತ್ತದೆ. ಹುಳಿ ಎಂದ ಕೂಡಲೇ ಉಪ್ಪಾಗೆಹುಳಿಯ ಭರಣಿಗೆ ಕೈಹಾಕಬೇಡಿ, ನೆಲ ಕಪ್ಪಾದೀತು. ನಾಯಿಯ ಮೂತ್ರದಲ್ಲಿ ಯೂರಿಕ್ ಆಮ್ಲದ ಹರಳುಗಳಿರುತ್ತವೆ ಎಂದು ಹೆದರಿಸಿ ದುಬಾರಿ ದ್ರಾವಣ ಮಾರುವವರಿದ್ದಾರೆ. ನಾಯಿಗಳು ಯೂರಿಕ್ ಆಮ್ಲದ ಬಹುಪಾಲನ್ನು ಅಲಂಟೋಯಿನ್ ಆಗಿ ಬದಲಿಸಿ ಹೊರಹಾಕುತ್ತವೆ. ಹಾಗೆ ಮಾಡಲು ಬಾರದ ತಳಿ ಚುಕ್ಕೆಯ ಡಾಲ್ಮೇಷಿಯನ್. ಅದರ ಜೀನಿನಲ್ಲೇ ಒಂದು ಕೊರತೆಯಿದೆ. ಆ ವಿಷಯದಲ್ಲಿ ಅದು ಗೌಟ್ ಹಿಡಿಯುವ ನಮ್ಮ ನೆಂಟ.

ನಮ್ಮ ಕಡೆಯ ರಾತ್ರಿಗೂ ಪುಸ್ತಕಗಳಲ್ಲಿ ಜಾಗವಿಲ್ಲ. ಮಲೆನಾಡಿನಲ್ಲಿ ಚಿರತೆಗೆ ನಾಯಿ ಇಷ್ಟದ ಊಟ; ಜಗಲಿಯಿಂದಲೇ ಹೊತ್ತುಕೊಂಡು ಹೋದ ಕತೆ ಊರೂರಿಗೂ ಇದೆ. ರಾತ್ರಿ ಎರಡಕ್ಕೆ ಹೆಡಿಗೆಯೊಳಗಿಂದ ಕುಂಯ್ ಎಂದರೆ ಟಾರ್ಚು, ಹಗ್ಗ, ಮನುಷ್ಯ ಮೂರೂ ಜೊತೆಗಿರಬೇಕು. ಹಾಸಿದ ದರಕಿನ ಬಗ್ಗೆಯೂ ಒಂದು ಮಾತು. ಮರಿಗಳಿಗೆ ದುಂಡುಹುಳು ತಾಯಿಯ ಗರ್ಭದಿಂದಲೇ ಬರುತ್ತದೆ. ಹೇಲಿನಲ್ಲಿ ಬೀಳುವ ಮೊಟ್ಟೆಗಳು ಸೋಂಕು ಹರಡುವಷ್ಟು ಬಲಿಯಲು ಎರಡು ಮೂರು ವಾರ ಬೇಕು, ಆದ್ದರಿಂದ ದಿನದಿನದ್ದನ್ನು ದಿನವೇ ತೆಗೆದು ಆಳವಾಗಿ ಹೂಳಬೇಕು. ತರಕಾರಿ ಮಡಿಯ ಗೊಬ್ಬರಕ್ಕೆ ಅದು ಬೇಡ. ಚುಚ್ಚುಮದ್ದುಗಳ ಸರಣಿ ಮುಗಿಯುವವರೆಗೆ ಬೇರೆ ನಾಯಿಗಳು ತಿರುಗುವ ರಸ್ತೆ ಬದಿಯೂ ಬೇಡ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಕೆಂಚ ಹೆಡಿಗೆಯಲ್ಲಿ ಬೆಳಗಿನವರೆಗೆ ತಡೆಯುತ್ತಿದ್ದ. ಅಟ್ಟದಿಂದ ಗೋಣಿತಾಟು ಇಳಿದು ಹೊಸ್ತಿಲಿಗೆ ಬಂತು. ಎರಡು ದಿನ ಅದನ್ನು ಮೂಸಿದ, ಮೂರನೆಯ ದಿನ ಅದರ ಮೇಲೆಯೇ ಮಲಗಿದ. ಮಲಗಿದ ಜಾಗ ಗೂಡಾಯಿತು.

ಮಾಗಿ ಕಳೆದು ಕಾಡು ಎಲೆ ಉದುರಿಸಿದಾಗ ದರಕು ಗುಡಿಸಲು ಹೊರಟ ನಮ್ಮ ಹಿಂದೆ ಅವನೂ ಬಂದ. ಆಗ ಒಂಬತ್ತು ತಿಂಗಳ ಗಂಡು. ಚೆಕ್ ಮತ್ತು ಜರ್ಮನಿಯ ಸಂಶೋಧಕರು 70 ನಾಯಿಗಳನ್ನು ಎರಡು ವರ್ಷ ಹಿಂಬಾಲಿಸಿ, ಭೂಮಿಯ ಕಾಂತಕ್ಷೇತ್ರ ಶಾಂತವಾಗಿದ್ದಾಗ ಅವು ಉತ್ತರ ದಕ್ಷಿಣಕ್ಕೆ ಮುಖಮಾಡಿ ಶೌಚಕ್ಕೆ ಕೂರಲು ಇಷ್ಟಪಡುತ್ತವೆ ಎಂದು 2013ರಲ್ಲಿ ಬರೆದಿದ್ದರು. ಮರುವರ್ಷ ಅವರಿಗೆ ನಗೆಯ ನೊಬೆಲ್ ಎನಿಸಿದ ಇಗ್ ನೊಬೆಲ್ ಸಿಕ್ಕಿತು. ಅದನ್ನು ಪರೀಕ್ಷಿಸೋಣವೆಂದು ನಾನು ಮೊಬೈಲಿನ ದಿಕ್ಸೂಚಿ ತೆರೆದಿಟ್ಟುಕೊಂಡಿದ್ದೆ. ಗುಡ್ಡದ ನೆತ್ತಿಯಿಂದ ಹಳ್ಳದವರೆಗೂ ಮೊಣಕಾಲು ಮುಳುಗುವಷ್ಟು ದರಕು. ಕೆಂಚ ಹೆಜ್ಜೆಯಿಟ್ಟ, ಚುರುಚುರು ಎಂದಿತು, ನಿಂತ. ಇನ್ನೊಂದು ಹೆಜ್ಜೆ, ಅಲ್ಲೂ ಅದೇ. ಗಿರಗಿರ ಸುತ್ತಿದ, ಎರಡು ಮಾರು ಓಡಿ ಮತ್ತೆ ಸುತ್ತಿದ, ನಮ್ಮ ಮುಖ ನೋಡಿದ. ಅಷ್ಟು ದೊಡ್ಡ ಜಾಗ ತನಗೆ ಸಿಕ್ಕೀತೆಂದು ಅವನು ಅಂದುಕೊಂಡಿರಲಿಲ್ಲ. ಅಮ್ಮ ಕೆಳಗಿನಿಂದ ‘ಸ್ಸ್‌ಸ್’ ಎಂದಳು. ಅವನು ಯಾವ ದಿಕ್ಕಿಗೆ ಕೂತ ಎಂದು ನೋಡಲು ನನಗೆ ನೆನಪಾಗಲಿಲ್ಲ.